ಇಲಿಯ ಮನೆ, ಇಲಿಯ ಮನಸ್ಸು



ಕೂಟದ ಉಪನ್ಯಾಸಗಳಲ್ಲಿ ವಚನ ಸಾಹಿತ್ಯ, ವಿಜಯನಗರದ ಚರಿತ್ರೆ, ಶಾಸ್ತ್ರೀಯ ಸಂಗೀತ ಮೊದಲಾದ ವಿಷಯಗಳು ಪ್ರಸ್ತಾಪಗೊಳ್ಳುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಇಲಿ. ಗಣಪತಿಯ ವಾಹನವೆಂಬ ಗೌರವ ಒಂದು ಕಡೆ, ಕಣಜಕ್ಕೆ ಕನ್ನ ಹಾಕುವ ಕಳ್ಳನೆಂಬ ಅಪಖ್ಯಾತಿ ಇನ್ನೊಂದು ಕಡೆ. ಈ ಎರಡನ್ನೂ ಹೊತ್ತು ನಮ್ಮ ಮನೆಗಳಲ್ಲಿ ಓಡಾಡಿಕೊಂಡಿದ್ದ ಪ್ರಾಣಿಗೆ ಕಳೆದ ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಮೂರನೆಯದೊಂದು ಪಾತ್ರ ದೊರೆತಿದೆ. ಕಲಿಕೆ ಎಂದರೇನು, ಭಯ ಹೇಗೆ ಹುಟ್ಟುತ್ತದೆ, ಚಟ ಏಕೆ ಅಂಟಿಕೊಳ್ಳುತ್ತದೆ, ಮುಪ್ಪಿನಲ್ಲಿ ಮಿದುಳಿಗೆ ಏನಾಗುತ್ತದೆ ಎಂಬಂತಹ ಪ್ರಶ್ನೆಗಳನ್ನು ಮನುಷ್ಯನು ಮೊದಲು ಕೇಳುವುದು ಇಲಿಯನ್ನೇ. ಇಲಿ ಕೊಟ್ಟ ಉತ್ತರಗಳು ನಮ್ಮ ಮಕ್ಕಳ ಪಠ್ಯಪುಸ್ತಕಗಳನ್ನೂ ನಮ್ಮ ವೈದ್ಯರ ಔಷಧದ ಚೀಟಿಗಳನ್ನೂ ತಲುಪಿವೆ.

ಆದರೆ ಉತ್ತರ ಕೊಡುವಾಗ ಆ ಇಲಿ ಎಲ್ಲಿ ವಾಸವಾಗಿತ್ತು? ಅದರ ಜೊತೆಗೆ ಯಾರಿದ್ದರು? ಎದ್ದು ನಿಲ್ಲಲು ಅದಕ್ಕೆ ಎಡೆಯಿತ್ತೇ? ವಿಜ್ಞಾನವು ಈ ಪ್ರಶ್ನೆಗಳನ್ನು ಗಂಭೀರವಾಗಿ ಎತ್ತಿಕೊಂಡದ್ದು ತಡವಾಗಿ. ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎಂದು ನಮ್ಮಲ್ಲಿ ಗಾದೆಯಿದೆ. ಈ ಕಥೆಯಲ್ಲಿ ಮಾತ್ರ ಇಲಿಯನ್ನು ಹಿಡಿಯಹೊರಟವರಿಗೆ ಬೆಟ್ಟವೇ ಸಿಕ್ಕಿತು. ಆ ಇತಿಹಾಸವನ್ನು ತಮ್ಮ ಮುಂದಿಡುವುದು ಇಂದಿನ ನನ್ನ ಉದ್ದೇಶ.

ಬಿಲದಿಂದ ಪಂಜರಕ್ಕೆ

ಪ್ರಯೋಗಶಾಲೆಯ ಬಿಳಿಯ ಇಲಿಯು ಚರಂಡಿ, ಬಂದರು, ಉಗ್ರಾಣಗಳಲ್ಲಿ ಬದುಕುವ ಕಂದು ಇಲಿಯ ವಂಶಕ್ಕೇ ಸೇರಿದ್ದು. ನೆಲದಲ್ಲಿ ಕವಲುಕವಲಾಗಿ ಬಿಲ ತೋಡುವುದು, ಕತ್ತಲಲ್ಲಿ ತಿರುಗಾಡುವುದು, ಗುಂಪಿನಲ್ಲಿ ಮೈಗೆ ಮೈ ತಾಗಿಸಿ ಮಲಗುವುದು ಈ ಜಾತಿಯ ಸಹಜ ಜೀವನ. ಸುಮಾರು 1900ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕ್ಲಾರ್ಕ್ ವಿಶ್ವವಿದ್ಯಾನಿಲಯದಲ್ಲಿ ವಿಲಾರ್ಡ್ ಸ್ಮಾಲ್ ಎಂಬ ಮನಶ್ಶಾಸ್ತ್ರಜ್ಞರು ಇಲಿಯ ಬುದ್ಧಿಯನ್ನು ಅಳೆಯಲು ಒಂದು ಚಕ್ರವ್ಯೂಹವನ್ನು ಕಟ್ಟಿದರು. ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದಲ್ಲಿರುವ ಗಿಡಬೇಲಿಯ ಸುತ್ತುದಾರಿಯೇ ಅದಕ್ಕೆ ಮಾದರಿ. ಬಿಲದ ಅಂಕುಡೊಂಕು ದಾರಿಗಳಲ್ಲಿ ಓಡಾಡುವುದು ಇಲಿಯ ಸ್ವಭಾವವಾದ್ದರಿಂದ ಪರೀಕ್ಷೆಯೂ ಅದಕ್ಕೆ ಹೊಂದುವಂತಿರಬೇಕೆಂಬುದು ಅವರ ಆಶಯವಾಗಿತ್ತು. ಪರೀಕ್ಷೆಯ ಮನೆಯನ್ನು ಬಿಲದಂತೆ ಕಟ್ಟಬೇಕೆಂದು ಹೊಳೆಯಿತು. ವಾಸದ ಮನೆಯ ಬಗ್ಗೆ ಹಾಗೆ ಹೊಳೆಯಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಿಂದ ಹೆನ್ರಿ ಡೊನಾಲ್ಡ್‌ಸನ್ ಅವರ ನೇತೃತ್ವದಲ್ಲಿ ಬಿಳಿಯ ಇಲಿಗಳನ್ನು ವ್ಯವಸ್ಥಿತವಾಗಿ ಸಾಕಲಾರಂಭಿಸಿದರು. ಅಲ್ಲಿಯೇ ಹೆಲೆನ್ ಡೀನ್ ಕಿಂಗ್ ಎಂಬ ಮಹಿಳಾ ವಿಜ್ಞಾನಿ 1909ರಿಂದ ಅಣ್ಣ ತಂಗಿಯರನ್ನೇ ಕೂಡಿಸಿ ತಲೆಮಾರುಗಳ ಕಾಲ ತಳಿಯನ್ನು ಬೆಳೆಸಿದರು. ಒಂದು ಪ್ರಯೋಗಶಾಲೆಯ ಇಲಿಗೂ ಇನ್ನೊಂದರ ಇಲಿಗೂ ಭೇದವಿರಬಾರದು, ಆಗ ಮಾತ್ರ ಒಬ್ಬರ ಫಲಿತಾಂಶವನ್ನು ಮತ್ತೊಬ್ಬರು ಪರಿಶೀಲಿಸಬಹುದು ಎಂಬುದು ಇದರ ಹಿಂದಿದ್ದ ತರ್ಕ. ರಸಾಯನಶಾಸ್ತ್ರಜ್ಞನಿಗೆ ಶುದ್ಧ ಲವಣ ಬೇಕಾದಂತೆ ಜೀವಶಾಸ್ತ್ರಜ್ಞನಿಗೆ ಶುದ್ಧ ಇಲಿ ಬೇಕಾಗಿತ್ತು.

ತಳಿ ಒಂದೇ ಆದ ಮೇಲೆ ಮನೆಯೂ ಒಂದೇ ಆಗಬೇಕಷ್ಟೆ. ತೊಳೆಯಲು ಸುಲಭ, ಒಂದರ ಮೇಲೊಂದು ಪೇರಿಸಲು ಅನುಕೂಲ, ಬೆಲೆಯಲ್ಲಿ ಅಗ್ಗ. ಈ ಕಾರಣಗಳಿಂದ ಲೋಹದ, ಮುಂದೆ ಪ್ಲಾಸ್ಟಿಕ್ಕಿನ ಪುಟ್ಟ ಪಂಜರಗಳು ಎಲ್ಲೆಡೆ ರೂಢಿಗೆ ಬಂದವು. ಆಹಾರ, ನೀರು, ಹದವಾದ ಶಾಖ ಇವುಗಳಿಗೆ ಕೊರತೆಯಿರಲಿಲ್ಲ. ಪಂಜರವು ತಕ್ಕಡಿಯ ಬರಿಯ ತಟ್ಟೆ, ತೂಕದಲ್ಲಿ ಅದರ ಪಾಲೇನೂ ಇಲ್ಲ ಎಂಬ ಭಾವನೆ ನೆಲೆಗೊಂಡಿತು. ಹೀಗೆ ಪಾಲಕರ ಅನುಕೂಲಕ್ಕಾಗಿ ಹುಟ್ಟಿದ ಏರ್ಪಾಡು ಕ್ರಮೇಣ ‘ಸಾಮಾನ್ಯ ಸ್ಥಿತಿ’ ಎಂಬ ಹೆಸರನ್ನು ಪಡೆಯಿತು.

ಮನುಷ್ಯರ ಮನೆಯಲ್ಲಿ ಬೆಳೆದ ಇಲಿಗಳು

ಈ ಭಾವನೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ. ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಹೆಬ್ ಅವರು ಕೆಲವು ಮರಿಗಳನ್ನು ಪ್ರಯೋಗಶಾಲೆಯಿಂದ ತಮ್ಮ ಮನೆಗೆ ಒಯ್ದರು. ಅವರ ಹೆಣ್ಣುಮಕ್ಕಳು ಅವುಗಳನ್ನು ಮುದ್ದಿನಿಂದ ಸಾಕಿದರು. ಇಲಿಗಳು ಮನೆಯೊಳಗೆ ಸ್ವೇಚ್ಛೆಯಾಗಿ ಓಡಾಡಿಕೊಂಡು ಬೆಳೆದವು. ಬಳಿಕ ಚಕ್ರವ್ಯೂಹದ ಪರೀಕ್ಷೆಗೆ ಒಡ್ಡಿದಾಗ, ಪಂಜರದಲ್ಲಿ ಬೆಳೆದ ಇಲಿಗಳಿಗಿಂತ ಇವು ಸ್ಪಷ್ಟವಾಗಿ ಮುಂದಿದ್ದವು. ಅಷ್ಟೇ ಅಲ್ಲದೆ ಪರೀಕ್ಷೆ ಮುಂದುವರಿದಂತೆ ಹಿಂದಿನ ಅನುಭವದಿಂದ ಹೆಚ್ಚು ಹೆಚ್ಚು ಲಾಭ ಪಡೆಯತೊಡಗಿದವು. ಹೆಬ್ ಅವರು ಇದನ್ನು 1947ರಲ್ಲಿ ಸಂಕ್ಷಿಪ್ತವಾಗಿ ವರದಿ ಮಾಡಿ, 1949ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ವಿವರಿಸಿದರು. ಇಲಿಗಳ ಸಂಖ್ಯೆ ಚಿಕ್ಕದು, ಏರ್ಪಾಡು ಮನೆವಾರ್ತೆಯದು. ಆದರೂ ಬಾಲ್ಯದ ಅನುಭವವು ಪ್ರಾಯದ ಬುದ್ಧಿಯನ್ನು ರೂಪಿಸುತ್ತದೆ ಎಂಬ ಊಹೆಗೆ ಅದು ಕಾಲೂರಲು ನೆಲವನ್ನು ಕೊಟ್ಟಿತು.

ಇದರ ಮಹತ್ವ ಮನದಟ್ಟಾಗಬೇಕಾದರೆ ಆ ಕಾಲದ ವಾದವಿವಾದಗಳನ್ನು ನೆನೆಯಬೇಕು. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ರಾಬರ್ಟ್ ಟ್ರಯಾನ್ ಎಂಬವರು 1920ರ ದಶಕದಿಂದ ಹಲವು ತಲೆಮಾರುಗಳ ಕಾಲ ಚಕ್ರವ್ಯೂಹದಲ್ಲಿ ಚುರುಕಾದ ಇಲಿಗಳನ್ನು ಚುರುಕಾದವುಗಳೊಡನೆಯೂ, ಮಂದವಾದವನ್ನು ಮಂದವಾದವುಗಳೊಡನೆಯೂ ಕೂಡಿಸಿ ‘ಜಾಣ’ ಮತ್ತು ‘ದಡ್ಡ’ ಎಂಬ ಎರಡು ವಂಶಗಳನ್ನು ಬೆಳೆಸಿದ್ದರು. ಬುದ್ಧಿ ರಕ್ತದಲ್ಲಿಯೇ ಇದೆ ಎನ್ನುವವರಿಗೆ ಇದೊಂದು ದೊಡ್ಡ ಆಧಾರವಾಯಿತು. ಮನುಷ್ಯರ ಬಗೆಗೂ ಆಗ ಇಂತಹ ಮಾತುಗಳು ಧಾರಾಳವಾಗಿದ್ದವು. 1923ರಲ್ಲಿ ಕಾರ್ಲ್ ಬ್ರಿಗಮ್ ಎಂಬ ಮನಶ್ಶಾಸ್ತ್ರಜ್ಞರು ಸೈನ್ಯದ ಬುದ್ಧಿಪರೀಕ್ಷೆಗಳ ಅಂಕಗಳನ್ನು ಆಧರಿಸಿ, ಉತ್ತರ ಯೂರೋಪಿನವರಲ್ಲದ ವಲಸೆಗಾರರು ಬುದ್ಧಿಯಲ್ಲಿ ಕೀಳೆಂದು ಬರೆದರು. ಅಂತಹ ವಾದಗಳ ವಾತಾವರಣದಲ್ಲಿಯೇ 1924ರ ಅಮೆರಿಕದ ವಲಸೆ ಕಾನೂನು ಬಂದಿತು. ಬ್ರಿಗಮ್ ಅವರು 1930ರಲ್ಲಿ ತಮ್ಮ ತೀರ್ಮಾನವನ್ನು ಹಿಂತೆಗೆದುಕೊಂಡರು. ಕಾನೂನು ಮಾತ್ರ ಉಳಿಯಿತು. ರಾಷ್ಟ್ರಮೂಲದ ಪಾಲುಪದ್ಧತಿ ರದ್ದಾಗಿ ನಮ್ಮಂತಹವರಿಗೆ ಬಾಗಿಲು ಅಗಲವಾಗಿ ತೆರೆದದ್ದು 1965ರ ಕಾನೂನಿನಿಂದ. ಆದ್ದರಿಂದ ಹುಟ್ಟು ಹೆಚ್ಚೋ ಮನೆ ಹೆಚ್ಚೋ ಎಂಬ ವಾದವು ಈ ಸಭಾಂಗಣದಲ್ಲಿ ಕುಳಿತಿರುವ ನಮಗೆ ಬರಿಯ ಇಲಿಗಳ ಮಾತಲ್ಲ.

1958ರಲ್ಲಿ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಕೂಪರ್ ಮತ್ತು ಜುಬೆಕ್ ಅವರು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ತಲೆಮಾರುಗಳಿಂದ ಆರಿಸಿ ಬೆಳೆಸಿದ ಜಾಣ ವಂಶದ ಮರಿಗಳನ್ನೂ ದಡ್ಡ ವಂಶದ ಮರಿಗಳನ್ನೂ ಅವರು ಎರಡು ಬಗೆಯ ಮನೆಗಳಲ್ಲಿ ಬೆಳೆಸಿದರು. ಒಂದರಲ್ಲಿ ಇಳಿಜಾರು, ಸುರಂಗ, ಆಟದ ಸಾಮಾನುಗಳಿದ್ದವು, ಇನ್ನೊಂದು ಬರಿದು. ಬರಿದಾದ ಮನೆಯಲ್ಲಿ ಬೆಳೆದ ಜಾಣ ವಂಶದ ಇಲಿಗಳು ದಡ್ಡ ವಂಶದವುಗಳಷ್ಟೇ ತಪ್ಪು ಮಾಡಿದವು. ತುಂಬಿದ ಮನೆಯಲ್ಲಿ ಬೆಳೆದ ದಡ್ಡ ವಂಶದವು ಜಾಣ ವಂಶದವುಗಳಿಗೆ ಹೆಚ್ಚುಕಡಿಮೆ ಸರಿಸಮವಾಗಿ ನಿಂತವು. ಎರಡು ವಂಶಗಳ ನಡುವಿನ ದೊಡ್ಡ ಅಂತರ ಕಾಣಿಸಿಕೊಂಡದ್ದು ಸಾಧಾರಣ ಪಂಜರದಲ್ಲಿ ಮಾತ್ರ. ವಂಶಗುಣವೆಂಬುದು ಸುಳ್ಳೆಂದು ಇದರ ಅರ್ಥವಲ್ಲ. ಯಾವ ಮನೆಯಲ್ಲಿ ಅಳೆದಿರಿ ಎಂಬುದನ್ನು ಬಿಟ್ಟು ವಂಶಗುಣವನ್ನು ಹೇಳಲಾಗದು ಎಂಬುದು ಅದರ ಅರ್ಥ.

ಬರ್ಕ್‌ಲಿಯ ಮೂರು ಮನೆಗಳು

ಟ್ರಯಾನ್ ಅವರು ಕೆಲಸ ಮಾಡಿದ್ದ ಬರ್ಕ್‌ಲಿಯಲ್ಲಿಯೇ ಮುಂದಿನ ಅಧ್ಯಾಯ ಆರಂಭವಾಯಿತು. ಡೇವಿಡ್ ಕ್ರೆಕ್, ಮಾರ್ಕ್ ರೋಸೆನ್‌ಜ್ವೈಗ್ ಎಂಬ ಮನಶ್ಶಾಸ್ತ್ರಜ್ಞರೂ ಎಡ್ವರ್ಡ್ ಬೆನೆಟ್ ಎಂಬ ಜೀವರಸಾಯನ ವಿಜ್ಞಾನಿಯೂ, ಬಳಿಕ ಅಂಗರಚನಾ ಶಾಸ್ತ್ರಜ್ಞೆ ಮೇರಿಯನ್ ಡೈಮಂಡ್ ಅವರೂ ಒಟ್ಟುಗೂಡಿದರು. ಅವರ ಪ್ರಶ್ನೆ ಹೆಬ್ ಅವರಿಗಿಂತ ಒಂದು ಹೆಜ್ಜೆ ಮುಂದಿತ್ತು. ಮನೆ ಬದಲಾದರೆ ನಡವಳಿಕೆ ಬದಲಾಗುವುದಾದರೆ, ಮಿದುಳಿನ ಪದಾರ್ಥವೇ ಬದಲಾಗುತ್ತದೆಯೇ?

ಒಂದೇ ತಾಯಿಯ ಒಂದೇ ಸೂಲಿನ ಗಂಡುಮರಿಗಳನ್ನು ಅವರು ಹಾಲು ಬಿಡಿಸಿದ ಕೂಡಲೇ ಮೂರು ಮನೆಗಳಿಗೆ ಹಂಚಿದರು. ಮೊದಲನೆಯದು ವಿಶಾಲವಾದ ಪಂಜರ. ಅದರಲ್ಲಿ ಹತ್ತು ಹನ್ನೆರಡು ಇಲಿಗಳು, ಏಣಿ, ಚಕ್ರ, ಪೆಟ್ಟಿಗೆ ಮೊದಲಾದ ಆಟದ ವಸ್ತುಗಳು, ಅವೂ ದಿನದಿನಕ್ಕೆ ಬದಲಾಗುತ್ತಿದ್ದವು. ಎರಡನೆಯದು ಸಾಧಾರಣ ಪಂಜರ. ಮೂರು ಇಲಿಗಳು, ಆಟವೇನೂ ಇಲ್ಲ. ಮೂರನೆಯದರಲ್ಲಿ ಒಂದೇ ಒಂಟಿ ಇಲಿ. ಆಹಾರ ಮತ್ತು ನೀರು ಮೂರು ಮನೆಗಳಲ್ಲಿಯೂ ಯಥೇಚ್ಛ. ಸುಮಾರು 80 ದಿನಗಳ ನಂತರ ಮಿದುಳುಗಳನ್ನು ಪರೀಕ್ಷಿಸಲಾಯಿತು. ಅಳೆಯುವವರಿಗೆ ಯಾವ ಮಿದುಳು ಯಾವ ಮನೆಯದೆಂದು ತಿಳಿಸಿರಲಿಲ್ಲ.

ಮೊದಲು ಕಂಡದ್ದು ರಾಸಾಯನಿಕ ಬದಲಾವಣೆ. ಬಳಿಕ, ತುಂಬಿದ ಮನೆಯ ಇಲಿಗಳಲ್ಲಿ ಮಿದುಳಿನ ಹೊರಪದರದ ತೂಕವೇ ಹೆಚ್ಚಾಗಿರುವುದು ಕಂಡುಬಂದಿತು. ಡೈಮಂಡ್ ಅವರು ಸೂಕ್ಷ್ಮದರ್ಶಕದ ಕೆಳಗೆ ಅಳೆದು ನೋಡಿದಾಗ ಆ ಪದರ ಒಂಟಿ ಇಲಿಗಳಿಗಿಂತ ಸುಮಾರು ಶೇಕಡಾ 6ರಷ್ಟು ದಪ್ಪವಾಗಿತ್ತು. ಈ ಪ್ರಬಂಧ 1964ರಲ್ಲಿ ಪ್ರಕಟವಾಯಿತು. ಶೇಕಡಾ 6 ಎಂದರೆ ಅಲ್ಪವೆನಿಸಬಹುದು. ಆದರೆ ಪ್ರಾಯಕ್ಕೆ ಬಂದ ಮಿದುಳು ಕಲ್ಲಿನ ಕೆತ್ತನೆಯಂತೆ ಸ್ಥಿರ ಎಂದು ನಂಬಿದ್ದ ಕಾಲದಲ್ಲಿ ಅದು ಅಲ್ಪವಾಗಿರಲಿಲ್ಲ. ಸಮ್ಮೇಳನವೊಂದರಲ್ಲಿ ತಾವು ಈ ಫಲಿತಾಂಶವನ್ನು ಮಂಡಿಸಿದಾಗ ಸಭಿಕರೊಬ್ಬರು ಎದ್ದು ನಿಂತು, ಮಿದುಳು ಬದಲಾಗುವುದು ಸಾಧ್ಯವೇ ಇಲ್ಲವೆಂದು ಗಟ್ಟಿಸ್ವರದಲ್ಲಿ ಹೇಳಿದ್ದನ್ನು ಡೈಮಂಡ್ ಮುಂದೆ ಹಲವು ಸಲ ಸ್ಮರಿಸಿಕೊಂಡಿದ್ದಾರೆ. ಅವರು 2017ರಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ಮಾತು ಪಠ್ಯಪುಸ್ತಕದ ಮಾತಾಗಿತ್ತು. ಇಲಿನಾಯ್ ವಿಶ್ವವಿದ್ಯಾನಿಲಯದ ವಿಲಿಯಂ ಗ್ರೀನೊ ಅವರು 1970ರ ದಶಕದಿಂದ ನಡೆಸಿದ ಸಂಶೋಧನೆಗಳು, ಹೀಗೆ ದಪ್ಪವಾದ ಪದರದಲ್ಲಿ ನರಕೋಶಗಳ ಕವಲುಗಳೂ, ಕೋಶಕೋಶಗಳ ನಡುವಿನ ಸಂಧಿಗಳೂ ಹೆಚ್ಚಿರುವುದನ್ನು ತೋರಿಸಿದವು. ಸಾಮಾನ್ಯವಾಗಿ ಎರಡು ಮೂರು ವರ್ಷ ಬದುಕುವ ಇಲಿಯಲ್ಲಿ, ಎರಡು ವರ್ಷ ದಾಟಿದ ಮುದಿತನದಲ್ಲಿ ಮನೆ ಬದಲಾದರೂ ಮಿದುಳು ಓಗೊಡುವುದೆಂದು ಡೈಮಂಡ್ ಅವರೇ 1980ರ ದಶಕದಲ್ಲಿ ತೋರಿಸಿದರು.

ಬರ್ಕ್‌ಲಿಯ ಇನ್ನೆರಡು ಪ್ರಯೋಗಗಳನ್ನು ವಿಶೇಷವಾಗಿ ಹೇಳಬಯಸುತ್ತೇನೆ. ಆಟದ ಸಾಮಾನು ತುಂಬಿದ ದೊಡ್ಡ ಮನೆಯೊಳಗೆ ತಂತಿಬಲೆಯ ಸಣ್ಣ ಪಂಜರವನ್ನಿಟ್ಟು, ಅದರಲ್ಲಿ ಕೆಲವು ಇಲಿಗಳನ್ನು ಕೂರಿಸಿದರು. ಹೊರಗಿನ ಇಲಿಗಳ ಓಡಾಟ, ಆಟ, ಜಗಳ ಎಲ್ಲವನ್ನೂ ಇವು ನೋಡಬಹುದು, ಕೇಳಬಹುದು, ವಾಸನೆ ಹಿಡಿಯಬಹುದು, ಭಾಗವಹಿಸುವಂತಿಲ್ಲ. 1975ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಡಿದ ಇಲಿಗಳ ಮಿದುಳು ಬೆಳೆಯಿತು. ನೋಡಿದ ಇಲಿಗಳ ಮಿದುಳು ಬೆಳೆಯಲಿಲ್ಲ. ಎರಡನೆಯ ಪ್ರಯೋಗದಲ್ಲಿ ಇಲಿಗಳನ್ನು ಪ್ರಯೋಗಶಾಲೆಯಿಂದ ಹೊರಗೆ, ಮಣ್ಣಿನ ನೆಲವಿದ್ದ ಬಯಲಿನ ಆವರಣದಲ್ಲಿ ಬಿಡಲಾಯಿತು. ಅವುಗಳ ಪೂರ್ವಜರು ನೂರಕ್ಕೂ ಹೆಚ್ಚು ತಲೆಮಾರುಗಳಿಂದ ಮಣ್ಣನ್ನೇ ಕಂಡಿರಲಿಲ್ಲ. ಆದರೂ ಇಲಿಗಳು ಬಿಲ ತೋಡಲು ತೊಡಗಿದವು. ಆಟದ ಸಾಮಾನುಗಳ ಮನೆಯಲ್ಲಿ ಬೆಳೆದ ಸೋದರರಿಗಿಂತಲೂ ಇವುಗಳ ಮಿದುಳು ಹೆಚ್ಚು ಪುಷ್ಟವಾಗಿತ್ತು. 2002ರಲ್ಲಿ ಆಕ್ಸ್‌ಫರ್ಡಿನ ಮ್ಯಾನುಯೆಲ್ ಬರ್ಡಾಯ್ ಅವರು 75 ಪ್ರಯೋಗಶಾಲೆಯ ಇಲಿಗಳನ್ನು ಹೊಲದ ಆವರಣದಲ್ಲಿ ಬಿಟ್ಟು ತೆಗೆದ ಚಲನಚಿತ್ರದಲ್ಲಿಯೂ ಇಂತಹುದೇ ದೃಶ್ಯವಿದೆ: ಹುಟ್ಟಿದಂದಿನಿಂದ ಪಂಜರವನ್ನಷ್ಟೇ ಕಂಡ ಇಲಿಗಳು ಕಾಲುದಾರಿಗಳನ್ನು ಮಾಡಿಕೊಂಡು, ಬಿಲ ತೋಡಿ, ಕಾಡು ಇಲಿಗಳಂತೆಯೇ ಸಂಸಾರ ಹೂಡಿದವು.

ಇದರಿಂದ ಒಂದು ತೊಡಕಿನ ಪ್ರಶ್ನೆ ಎದ್ದಿತು. ಬರ್ಕ್‌ಲಿಯವರು ಆಟದ ಮನೆಯನ್ನು ‘ಸಮೃದ್ಧ ಪರಿಸರ’ವೆಂದು ಕರೆದಿದ್ದರು. ಆದರೆ ಹೊಲದ ಬದುಕಿಗೆ ಹೋಲಿಸಿದರೆ ಆ ಸಮೃದ್ಧಿಯೂ ಬಡತನವೇ. ಹಾಗಿದ್ದಲ್ಲಿ ಪ್ರಯೋಗವು ತೋರಿಸಿದ್ದು ಸಮೃದ್ಧಿಯಿಂದ ಮಿದುಳು ಅಸಾಧಾರಣವಾಗಿ ಬೆಳೆಯುತ್ತದೆ ಎಂಬುದನ್ನೋ, ಅಥವಾ ಸಾಧಾರಣವೆಂದು ನಾವು ಕರೆದ ಪಂಜರದಲ್ಲಿ ಮಿದುಳು ಕುಗ್ಗುತ್ತದೆ ಎಂಬುದನ್ನೋ? ಗ್ರೀನೊ ಅವರಂತಹ ಸಂಶೋಧಕರೇ ಎರಡನೆಯ ಅರ್ಥದತ್ತ ಬೆರಳು ತೋರಿದರು. ಅಳತೆಗೋಲೇ ಮೊಟಕಾಗಿದ್ದರೆ, ಅದರಿಂದ ಅಳೆದ ಬಟ್ಟೆಯೆಲ್ಲ ಉದ್ದವಾಗಿಯೇ ತೋರುತ್ತದೆಯಲ್ಲವೇ?

ಸಂದಣಿಯ ಪಾಠ

ಒಂಟಿತನದ ಕಥೆ ಹೀಗಾದರೆ ಸಂದಣಿಯ ಕಥೆ ಬೇರೆ. ಜಾನ್ ಕ್ಯಾಲ್‌ಹೂನ್ ಅವರು 1947ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಕಾಲು ಎಕರೆಯ ಆವರಣವೊಂದರಲ್ಲಿ ಕಾಡು ಇಲಿಗಳನ್ನು ಬಿಟ್ಟು, ಆಹಾರಕ್ಕೆ ಕೊರತೆಯಾಗದಂತೆ ನೋಡಿಕೊಂಡರು. ಜನನದ ಲೆಕ್ಕದಂತೆ 27 ತಿಂಗಳಲ್ಲಿ ಸುಮಾರು 5,000 ಇಲಿಗಳಾಗಬೇಕಿತ್ತು. ಆದರೆ ಸಂಖ್ಯೆ 150ರ ಬಳಿಯೇ ನಿಂತಿತು. ಮುಂದೆ ಅವರು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಬಿಳಿಯ ಇಲಿಗಳಿಗಾಗಿ ವಿಶೇಷ ಕೊಠಡಿಗಳನ್ನು ಕಟ್ಟಿದರು. 10 ಅಡಿಗೆ 14 ಅಡಿಯ ಕೊಠಡಿ, ಅದರಲ್ಲಿ ನಾಲ್ಕು ಅಂಕಣ, ಅಂಕಣಗಳ ನಡುವೆ ದಾಟಲು ಸೇತುವೆಗಳು. 48 ಇಲಿಗಳು ನೆಮ್ಮದಿಯಾಗಿರಬಹುದಾದ ಜಾಗದಲ್ಲಿ 80 ಇಲಿಗಳನ್ನು ಬೆಳೆಯಗೊಟ್ಟರು.

1962ರಲ್ಲಿ ಅವರು ಪ್ರಕಟಿಸಿದ ವರದಿ ಓದುಗರನ್ನು ನಡುಗಿಸಿತು. ತಾಯಂದಿರು ಗೂಡು ಕಟ್ಟುವುದನ್ನು ಮರೆತರು. ಮರಿಗಳನ್ನು ಎಲ್ಲೆಂದರಲ್ಲಿ ಬಿಟ್ಟು ಹೋದರು. ಗಂಡು ಇಲಿಗಳಲ್ಲಿ ಕೆಲವು ಕಾರಣವಿಲ್ಲದೆ ಕಚ್ಚಾಡಿದವು; ಇನ್ನು ಕೆಲವು ನಿದ್ರೆಯಲ್ಲಿ ನಡೆಯುವವರಂತೆ ಯಾರ ಗೊಡವೆಯೂ ಇಲ್ಲದೆ ತಿರುಗಿದವು. ಅತಿ ಕೆಟ್ಟ ಗುಂಪುಗಳಲ್ಲಿ ನೂರಕ್ಕೆ 96 ಮರಿಗಳು ಸತ್ತವು. ಈ ಸ್ಥಿತಿಗೆ ಅವರು ‘ಬಿಹೇವಿಯರಲ್ ಸಿಂಕ್’ ಎಂದು ಹೆಸರಿಟ್ಟರು. ನಡವಳಿಕೆಯ ಕೊಚ್ಚೆಗುಂಡಿ ಎನ್ನಬಹುದು. ಜನಸಂಖ್ಯೆಯ ಭೀತಿ ಹಬ್ಬಿದ್ದ ಕಾಲವದು. 1968ರಲ್ಲಿ ಪಾಲ್ ಎರ್ಲಿಕ್ ಅವರು ಬರೆದ ಜನಸಂಖ್ಯಾ ಸ್ಫೋಟದ ಪುಸ್ತಕವು ದೆಹಲಿಯ ಸಂದಣಿಯ ವರ್ಣನೆಯೊಂದಿಗೇ ಆರಂಭವಾಗುತ್ತದೆ. ಅಂತಹ ಕಾಲದಲ್ಲಿ ಕ್ಯಾಲ್‌ಹೂನರ ಇಲಿಗಳು ನಗರಗಳ ಭವಿಷ್ಯವಾಣಿಯಾಗಿ ತೋರಿದುದು ಸಹಜ.

ಆದರೆ ಆ ವರದಿಯನ್ನು ನಿಧಾನವಾಗಿ ಓದಿದರೆ ಬೇರೆಯೂ ಕಾಣುತ್ತದೆ. ನಾಲ್ಕು ಅಂಕಣಗಳಲ್ಲಿ ನಡುವಿನ ಎರಡಕ್ಕೆ ಎರಡೆರಡು ದಾರಿ, ಕೊನೆಯ ಎರಡಕ್ಕೆ ಒಂದೊಂದೇ ದಾರಿ. ಒಂದೇ ದಾರಿಯ ಅಂಕಣಗಳಲ್ಲಿ ಬಲಿಷ್ಠ ಗಂಡೊಂದು ಬಾಗಿಲಲ್ಲಿ ಕಾವಲು ಕೂತು ಸಂದಣಿಯನ್ನು ತಡೆಯಬಲ್ಲದಾಗಿತ್ತು; ಅಲ್ಲಿಯ ತಾಯಂದಿರು ಮರಿಗಳನ್ನು ಎಷ್ಟೋ ಚೆನ್ನಾಗಿ ಸಾಕಿದರು. ತಂತಿಬಲೆಯ ಹಿಂದಿನ ಗಟ್ಟಿ ಆಹಾರವನ್ನು ಕೊರೆದು ತಿನ್ನಲು ಹೊತ್ತು ಹಿಡಿಯುತ್ತಿದ್ದುದರಿಂದ, ಇಲಿಗಳಿಗೆ ಊಟವೆಂದರೆ ಗುಂಪು ಎಂಬ ಅಭ್ಯಾಸ ಬೆಳೆಯಿತು. 80ರಲ್ಲಿ 60 ಇಲಿಗಳವರೆಗೆ ಒಂದೇ ಅಂಕಣದಲ್ಲಿ ಜಮಾಯಿಸುತ್ತಿದ್ದವು, ಪಕ್ಕದ ಅಂಕಣಗಳಲ್ಲಿ ಜಾಗವಿದ್ದರೂ! ಹಿಟ್ಟಿನ ರೂಪದ ಆಹಾರವನ್ನು ತೆರೆದ ತೊಟ್ಟಿಯಲ್ಲಿ ಕೊಟ್ಟ ಪ್ರಯೋಗಗಳಲ್ಲಿ ಮರಿಗಳ ಸಾವು ಹೆಚ್ಚೇ ಇದ್ದರೂ ಆ ಬಗೆಯ ಮುತ್ತಿಗೆ ಉಂಟಾಗಲಿಲ್ಲ. ಎಂದರೆ ಕೆಡಿಸಿದ್ದು ತಲೆಗಳ ಎಣಿಕೆ ಮಾತ್ರವಲ್ಲ. ಬಾಗಿಲು ಎಲ್ಲಿ, ಊಟ ಎಲ್ಲಿ, ಒಬ್ಬಂಟಿಯಾಗಿ ಹಿಂದೆ ಸರಿಯಲು ಮೂಲೆ ಎಲ್ಲಿ ಎಂಬ ಮನೆಯ ಕಟ್ಟಡವೂ ಅದರಲ್ಲಿ ಪಾಲುಗಾರ. ಜೊನಾಥನ್ ಫ್ರೀಡ್‌ಮನ್ ಅವರು 1970ರ ದಶಕದಲ್ಲಿ ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಇಕ್ಕಟ್ಟು ಒಂದರಿಂದಲೇ ಮನುಷ್ಯನ ನಡತೆ ಕೆಡುತ್ತದೆ ಎಂಬುದಕ್ಕೆ ಆಧಾರ ದೊರೆಯಲಿಲ್ಲ. ಕೂಡುಕುಟುಂಬದ ತೊಟ್ಟಿಮನೆಗಳನ್ನು ಕಂಡ ನಮಗೆ ಇದೇನೂ ಆಶ್ಚರ್ಯದ ಸಂಗತಿಯಲ್ಲ.

ಇಲಿಗಳ ಉದ್ಯಾನ

ಮೂರನೆಯ ಅಧ್ಯಾಯ ಮಾದಕ ವಸ್ತುಗಳದ್ದು. ಒಂಟಿ ಪಂಜರದಲ್ಲಿಟ್ಟ ಇಲಿಗಳಿಗೆ ಸನ್ನೆಯೊತ್ತಿದರೆ ಮಾದಕ ದ್ರವ್ಯ ದೊರೆಯುವಂತೆ ಮಾಡಿದಾಗ, ಅವು ಮತ್ತೆ ಮತ್ತೆ ಒತ್ತುತ್ತಿದ್ದವು. ದ್ರವ್ಯಕ್ಕೆ ಎದುರುನಿಲ್ಲಲಾಗದ ಶಕ್ತಿಯಿದೆ ಎಂಬ ನಂಬಿಕೆಗೆ ಇದು ಪುಷ್ಟಿ ಕೊಟ್ಟಿತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾನಿಲಯದ ಬ್ರೂಸ್ ಅಲೆಕ್ಸಾಂಡರ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದ ಕೊನೆಯಲ್ಲಿ ಒಂದು ಸರಳ ಸಂದೇಹವನ್ನು ಎತ್ತಿದರು: ಬೇರೇನೂ ಮಾಡಲು ಇಲ್ಲದ ಪ್ರಾಣಿ ಮತ್ತೇನು ತಾನೇ ಮಾಡೀತು?

ಸಾಧಾರಣ ಪಂಜರದ ಸುಮಾರು 200 ಪಟ್ಟು ವಿಸ್ತಾರದ ಒಂದು ಆವರಣವನ್ನು ಹಲಗೆಗಳಿಂದ ಅವರು ನಿರ್ಮಿಸಿದರು. ಗೋಡೆಗಳ ಮೇಲೆ ಕಾಡಿನ ಚಿತ್ರ, ನೆಲದ ಮೇಲೆ ಡಬ್ಬಿಗಳು ಮತ್ತು ಮರದ ತುಂಡುಗಳು, ಗಂಡು ಹೆಣ್ಣು ಸೇರಿ 16ರಿಂದ 20 ಇಲಿಗಳು. ಇದಕ್ಕೆ ‘ರ್‍ಯಾಟ್ ಪಾರ್ಕ್’ ಎಂದು ಹೆಸರಾಯಿತು. ಬರಿಯ ನೀರು ಮತ್ತು ಸಕ್ಕರೆ ಬೆರೆಸಿದ ಮಾರ್ಫೀನು, ಎರಡನ್ನೂ ಇಟ್ಟರು. ಪಂಜರದ ಒಂಟಿ ಇಲಿಗಳು ಮಾರ್ಫೀನನ್ನು ಹೆಚ್ಚಾಗಿ ಕುಡಿದವು. ಉದ್ಯಾನದ ಇಲಿಗಳು ಬಹುಮಟ್ಟಿಗೆ ದೂರವಿಟ್ಟವು. 57 ದಿನ ಬಲವಂತವಾಗಿ ಮಾರ್ಫೀನು ಕುಡಿಸಿ ಚಟ ಹತ್ತಿಸಿದ ಮೇಲೆಯೂ, ಆಯ್ಕೆ ಕೊಟ್ಟಾಗ ಉದ್ಯಾನದವು ಕಡಿಮೆ ಕುಡಿದವು. 1978 ಮತ್ತು 1981ರಲ್ಲಿ ಈ ಪ್ರಬಂಧಗಳು ಪ್ರಕಟವಾದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಪ್ರಯೋಗವನ್ನು ಮರುಮಾಡಿದ ಎಲ್ಲರಿಗೂ ಇದೇ ಫಲ ದೊರೆಯಲಿಲ್ಲ. 1990ರ ದಶಕದ ಒಂದು ಮರುಪ್ರಯೋಗದಲ್ಲಿ ಇಂತಹ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ‘ಒಳ್ಳೆಯ ಮನೆ ಕೊಡಿ, ಚಟ ತಾನೇ ಹೋಗುತ್ತದೆ’ ಎಂದು ಘೋಷಿಸುವುದು ಅವಸರವಾದೀತು. ಆದರೆ ಅಲೆಕ್ಸಾಂಡರ್ ಅವರ ಮೂಲ ಸಂದೇಹ ಉಳಿದುಕೊಂಡಿತು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಸ್ಥೆಯೊಂದರ ಸಂಶೋಧಕರು ಇಲಿಗಳ ಮುಂದೆ ಎರಡು ಸನ್ನೆಗಳನ್ನಿಟ್ಟರು. ಒಂದನ್ನು ಒತ್ತಿದರೆ ಮಾದಕ ದ್ರವ್ಯ, ಇನ್ನೊಂದನ್ನು ಒತ್ತಿದರೆ ಬಾಗಿಲು ತೆರೆದು ಮತ್ತೊಂದು ಇಲಿಯ ಸಂಗ. ಚಟ ಹತ್ತಿದ ಇಲಿಗಳು ಕೂಡ ಬಹುತೇಕ ಸಂಗವನ್ನೇ ಆರಿಸಿಕೊಂಡವು.

ಪಂಜರದ ಅಳತೆ

ಈ ಅರಿವು ಕ್ರಮೇಣ ವೈದ್ಯವಿಜ್ಞಾನಕ್ಕೂ ಹರಡಿತು. ಚಿಕ್ಕ ಜಾತಿಯ ಇಲಿಗಳಲ್ಲಿ, ಎಂದರೆ ಮೌಸ್‌ಗಳಲ್ಲಿ, ಸಮೃದ್ಧ ಮನೆಯಿಂದ ಮಿದುಳಿನ ಒಂದು ಭಾಗದಲ್ಲಿ ಹೊಸ ನರಕೋಶಗಳ ಸಂಖ್ಯೆ ಹೆಚ್ಚುವುದೆಂದು 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡುಬಂದಿತು. ಹಂಟಿಂಗ್ಟನ್ ಎಂಬ ಆನುವಂಶಿಕ ನರರೋಗವುಳ್ಳ ಮೌಸ್‌ಗಳಲ್ಲಿ ರೋಗದ ಲಕ್ಷಣಗಳು ತಡವಾಗಿ ತಲೆದೋರುವುವೆಂದು 2000ದಲ್ಲಿ ವರದಿಯಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳೂ ಈ ಕ್ಷೇತ್ರದಲ್ಲಿ ದುಡಿದಿದ್ದಾರೆಂಬುದು ಹೆಮ್ಮೆಯ ಸಂಗತಿ. ದೀರ್ಘಕಾಲದ ಒತ್ತಡದಿಂದ ಕಲಿಕೆಯ ಶಕ್ತಿ ಕುಂದಿದ ಇಲಿಗಳನ್ನು ಸಮೃದ್ಧ ಮನೆಯಲ್ಲಿಟ್ಟಾಗ, ಹೊಸ ಕೋಶಗಳ ಹುಟ್ಟು ಮತ್ತೆ ಚೇತರಿಸಿಕೊಂಡು ಕಲಿಕೆಯೂ ಸುಧಾರಿಸಿತೆಂದು ಅವರು 2009ರಲ್ಲಿ ಪ್ರಕಟಿಸಿದರು.

ಪಂಜರಗಳನ್ನು ಒಂದೇ ಮಾದರಿಗೆ ತಂದರೆ ಫಲಿತಾಂಶಗಳೂ ಒಂದೇ ಆಗುತ್ತವೆ ಎಂಬ ಹಳೆಯ ನಂಬಿಕೆಯನ್ನು 1999ರ ಒಂದು ಪ್ರಯೋಗ ಅಲುಗಾಡಿಸಿತು. ನ್ಯೂಯಾರ್ಕ್ ರಾಜ್ಯದ ಆಲ್ಬನಿ, ಕೆನಡಾದ ಎಡ್ಮಂಟನ್, ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಎಂಬ ಮೂರು ಊರುಗಳಲ್ಲಿ ಒಂದೇ ತಳಿಗಳ ಮೌಸ್‌ಗಳನ್ನು, ಒಂದೇ ಉಪಕರಣಗಳಿಂದ, ಒಂದೇ ವಿಧಾನದಲ್ಲಿ ಪರೀಕ್ಷಿಸಿದರು. ಆದರೂ ಕೆಲವು ಪರೀಕ್ಷೆಗಳ ಫಲಿತಾಂಶ ಊರಿಂದೂರಿಗೆ ಬೇರೆಯಾಯಿತು. ಎಷ್ಟೇ ಸಮನಾಗಿಸಿದರೂ ಮನೆಯೆಂಬುದು ಲೆಕ್ಕದಿಂದ ಸಂಪೂರ್ಣವಾಗಿ ಮಾಯವಾಗದು.

ಕಾನೂನು ನಿಧಾನವಾಗಿ ಹಿಂಬಾಲಿಸಿತು. ಯೂರೋಪಿನ ಒಕ್ಕೂಟದ 2010ರ ನಿರ್ದೇಶವು ಗುಂಪಿನಲ್ಲಿ ಬದುಕುವ ಪ್ರಾಣಿಗಳಿಗೆ ಸಂಗಾತಿಗಳನ್ನೂ ಸಹಜ ಚಟುವಟಿಕೆಗೆ ತಕ್ಕ ಅನುಕೂಲಗಳನ್ನೂ ಒದಗಿಸಬೇಕೆಂದು ವಿಧಿಸುತ್ತದೆ. ಅಮೆರಿಕದಲ್ಲಿ ಮಾತ್ರ ಸಂಶೋಧನೆಗಾಗಿ ಬೆಳೆಸಿದ ಇಲಿಗಳನ್ನು 2002ರ ತಿದ್ದುಪಡಿಯು ಪ್ರಾಣಿಕಲ್ಯಾಣ ಕಾಯಿದೆಯ ‘ಪ್ರಾಣಿ’ ಎಂಬ ಪದದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಅವುಗಳ ರಕ್ಷಣೆಗೆ ಇರುವುದು ಸರ್ಕಾರಿ ಧನಸಹಾಯದ ನಿಯಮಗಳು ಮತ್ತು ಸಂಸ್ಥೆಗಳ ಮಾರ್ಗಸೂಚಿಗಳು. ಇಲ್ಲಿಯ ಮಾರ್ಗಸೂಚಿಯಲ್ಲಿ ಪಂಜರದ ಕನಿಷ್ಠ ಎತ್ತರ 7 ಅಂಗುಲ. ಬೆಳೆದ ಇಲಿ ಹಿಂಗಾಲ ಮೇಲೆ ನೆಟ್ಟಗೆ ನಿಲ್ಲಲು ಅಷ್ಟು ಸಾಲದು. ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಗಮನಿಸಿದಂತೆ, ತಗ್ಗು ಪಂಜರದ ಇಲಿಗಳು ಎತ್ತರದ ಮನೆಯ ಇಲಿಗಳಿಗಿಂತ ಎಷ್ಟೋ ಹೆಚ್ಚು ಸಲ ಮೈಯನ್ನು ಅಡ್ಡಡ್ಡವಾಗಿ ಎಳೆದು ಮೈಮುರಿಯುತ್ತವೆ. ನೆಟ್ಟಗೆ ನಿಲ್ಲಲಾಗದ ಬೆನ್ನು ಕಂಡುಕೊಂಡ ಪರಿಹಾರವದು. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎನ್ನುತ್ತೇವೆ. ಇಲ್ಲಿ ಬೆಕ್ಕೂ ಇಲ್ಲ, ಚೆಲ್ಲಾಟವೂ ಇಲ್ಲ, ಎಲ್ಲರ ಉದ್ದೇಶವೂ ಒಳ್ಳೆಯದೇ. ಆದರೂ ಸಂಕಟವು ಇಲಿಯದ್ದೇ ಆಗಿ ಉಳಿದಿದೆ.

ನಮಗೇನು?

ಇಲಿಯಿಂದ ಮನುಷ್ಯನಿಗೆ ನೆಗೆಯುವುದು ಅಪಾಯದ ನೆಗೆತ. ಕ್ಯಾಲ್‌ಹೂನರ ಓದುಗರು ಹಾಗೆ ನೆಗೆದು ಎಡವಿದ್ದನ್ನು ಈಗಷ್ಟೇ ನೋಡಿದೆವು. ಆದ್ದರಿಂದ ಮಕ್ಕಳ ಕೋಣೆಯಲ್ಲಿ ಆಟಿಕೆಗಳನ್ನು ತುಂಬಿದರೆ ಅವರ ಮಿದುಳು ಶೇಕಡಾ 6ರಷ್ಟು ದಪ್ಪವಾಗುತ್ತದೆ ಎಂದು ಯಾರೂ ಇಲ್ಲಿಂದ ಎದ್ದು ಅಂಗಡಿಗೆ ಹೋಗಬಾರದೆಂದು ವಿನಂತಿ. ಆ ಇಲಿಗಳಿಗೆ ದೊರೆತದ್ದು ವಸ್ತುಗಳು ಮಾತ್ರವಲ್ಲ, ಒಡನಾಡಿಗಳೂ ಇದ್ದರು. ಜೊತೆಗೆ ದಿನದಿನದ ಹೊಸತನ, ಸ್ವಂತ ಕೈಕಾಲಿನ ಕೆಲಸ. ತಂತಿಬಲೆಯ ಹಿಂದೆ ಕುಳಿತು ನೋಡಿದ ಇಲಿಗಳಿಗೆ ಏನೂ ದಕ್ಕಲಿಲ್ಲ ಎಂಬುದನ್ನು ಪರದೆಗಳ ಮುಂದೆ ಕುಳಿತ ನಮ್ಮ ಸಂಜೆಗಳೊಡನೆ ಹೋಲಿಸುವ ಆಸೆಯನ್ನೂ ನಾನು ತಡೆದುಕೊಳ್ಳುತ್ತೇನೆ. ಹೋಲಿಕೆ ತಮಗೆ ಆಗಲೇ ಹೊಳೆದಿರಬಹುದು.

ಈ ಇತಿಹಾಸವು ಕಲಿಸುವುದು ಇಲಿಯ ಬಗ್ಗೆ ಎಂಬುದಕ್ಕಿಂತ ನಮ್ಮ ತೀರ್ಪುಗಳ ಬಗ್ಗೆ. ಒಂದು ಜೀವಿಯನ್ನು ತಗ್ಗಿನ ಮನೆಯಲ್ಲಿ ಕೂಡಿಹಾಕಿ, ಅದು ಬಾಗಿ ಕುಳಿತದ್ದನ್ನು ಕಂಡು, ಬಾಗಿ ಕೂರುವುದೇ ಅದರ ಸ್ವಭಾವ ಎಂದು ಬರೆದುಕೊಳ್ಳುವುದು ಸುಲಭ. ವಿಜ್ಞಾನವು ದಶಕಗಳ ಕಾಲ ಹಾಗೆ ಮಾಡಿತು, ದುರುದ್ದೇಶದಿಂದಲ್ಲ, ಪಂಜರವು ಕಣ್ಣಿಗೆ ಬೀಳದಷ್ಟು ರೂಢಿಯಾಗಿದ್ದುದರಿಂದ. ನಮ್ಮಲ್ಲಿಯೂ ಈ ಬಗೆಯ ತೀರ್ಪುಗಳಿಗೆ ಬರವಿಲ್ಲ. ಊರಿನಲ್ಲಿದ್ದಾಗ ದಿನಕ್ಕೆ ಹತ್ತು ಜನರೊಡನೆ ಮಾತಾಡಿ, ದೇವಸ್ಥಾನ, ತರಕಾರಿ ಅಂಗಡಿ, ಪಕ್ಕದ ಮನೆ ಎಂದು ಓಡಾಡಿಕೊಂಡಿದ್ದ ತಂದೆತಾಯಿಯರನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇವೆ. ಬೆಚ್ಚಗಿನ ಮನೆ, ತುಂಬಿದ ಶೀತಕಪೆಟ್ಟಿಗೆ, ಒಳ್ಳೆಯ ಹಾಸಿಗೆ. ಆಹಾರ ನೀರಿಗೆ ಕೊರತೆಯಿಲ್ಲ. ನಾವು ಬೆಳಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆಗೆ. ಹೊರಗೆ ಹಿಮ, ಕಾರು ಓಡಿಸಲು ಬಾರದು, ಬೀದಿಯಲ್ಲಿ ಮಾತಿಗೆ ಸಿಗುವವರಿಲ್ಲ. ಎರಡು ತಿಂಗಳಲ್ಲಿ ಅವರು ಮಂಕಾಗುತ್ತಾರೆ. ಆಗ ನಾವು ‘ಅಪ್ಪನಿಗೆ ವಯಸ್ಸಾಯಿತು’, ‘ಅಮ್ಮನ ನೆನಪು ಕುಂದಿತು’ ಎನ್ನುತ್ತೇವೆ. ಇರಬಹುದು, ವೈದ್ಯರಿಗೆ ತೋರಿಸುವುದು ಯುಕ್ತವೇ. ಆದರೆ ಮುಪ್ಪಿನ ಮಾತಾಡುವ ಮೊದಲು ಮನೆಯ ಮಾತನ್ನೂ ಆಡಬೇಕಲ್ಲವೇ? ಎರಡು ವರ್ಷದ ಮುದಿ ಇಲಿಯ ಮಿದುಳಿಗೂ ಹೊಸ ಮನೆಗೆ ಓಗೊಡುವ ಶಕ್ತಿ ಉಳಿದಿತ್ತೆಂಬುದನ್ನು ಆಗ ನೆನೆಯುವುದು ಒಳ್ಳೆಯದು.

ಹಾಗೆಯೇ ಶಾಲೆಯಲ್ಲಿ ಹಿಂದೆ ಬಿದ್ದ ಮಗುವನ್ನು ‘ಇವನ ಬುದ್ಧಿಯೇ ಇಷ್ಟು’ ಎನ್ನುವ ಮುನ್ನ, ಇನ್ನೊಂದು ಬಣ್ಣದ, ಇನ್ನೊಂದು ಬಡಾವಣೆಯ ಜನರನ್ನು ಕುರಿತು ‘ಅವರ ಗುಣವೇ ಹಾಗೆ’ ಎನ್ನುವ ಮುನ್ನ, ಮ್ಯಾನಿಟೋಬದ ಇಲಿಗಳನ್ನು ನೆನೆಯೋಣ. ನಮ್ಮ ಹಿರಿಯರನ್ನು ಕುರಿತು ಇದೇ ದೇಶದಲ್ಲಿ ಒಮ್ಮೆ ಅಂತಹ ಮಾತನ್ನು ಆಡಿದ್ದರು, ಅದು ಕಾನೂನಿನ ಆಸರೆಯಾಗಿಯೂ ನಿಂತಿತ್ತು.

 ಇಂದಿನ ಸಭೆಗೆ ಹಿರಿಯರು ಹಲವರು ಬಂದಿರುವುದನ್ನು ಕಾಣುತ್ತಿದ್ದೇನೆ. ಅವರನ್ನು ಕಾರಿನಲ್ಲಿ ಕರೆತಂದವರಿಗೆ ವಿಶೇಷ ವಂದನೆಗಳು. ಮುಂದಿನ ತಿಂಗಳೂ ಕರೆತನ್ನಿ.